ಕೀಪರ್ ಹುಡುಗಿಯನ್ನು ಹುಡುಕಿ ಮಿಲ್ಡೂರಾಕ್ಕೆ

ನಾವು ಆಸ್ಟ್ರೇಲಿಯಾಕ್ಕೆ ಹೋದದ್ದು ಒಣದ್ರಾಕ್ಷಿ ನೋಡಲಿಕ್ಕೆ. ಊರಿಗೆಲ್ಲ ಹಾಗೆಂದೇ ಹೇಳಿ ಹೊರಟಿದ್ದೆವು, ಅದರಲ್ಲಿ ಸುಳ್ಳೇನೂ ಇಲ್ಲ. ಕಾಗವಾಡ, ಅಥಣಿ, ರಾಯಬಾಗ ಕಡೆಯ ದ್ರಾಕ್ಷಿ ಬೆಳೆಗಾರರು ಒಂದು ಗುಂಪು ಕಟ್ಟಿಕೊಂಡು, ಎಪ್ರಿಲ್ ತಿಂಗಳಿನ ಬಳ್ಳಿ ಸವರುವ ಕೆಲಸ ಮುಗಿದ ಕೂಡಲೇ ಮಿಲ್ಡೂರಾ ಎಂಬ ಊರಿನ ತೋಟಗಳನ್ನು ನೋಡಿ ಬರುವುದೆಂದು ಠರಾಯಿಸಿದ್ದರು. ಹೆಂಡಂದಿರೂ ಬರಬಹುದು ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಆದರೆ ನಮ್ಮ ಮನೆಯವರ ಚೀಲದಲ್ಲಿ ಅಂಗಿ ಪ್ಯಾಂಟಿಗಿಂತ ಮೊದಲು ಹೋಗಿ ಕೂತದ್ದು ಕ್ರಿಕೆಟ್ ಕಾರ್ಡುಗಳ ಆಲ್ಬಮ್ಮು. ಅಸಲು ಕಾರಭಾರವೆಲ್ಲ ಅದರಲ್ಲಿತ್ತು.

ಈ ಹುಚ್ಚು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇಸ್ಪೀಟು ಎಲೆಯಷ್ಟಗಲದ ದಪ್ಪ ಕಾಗದ. ಮುಂದೆ ಆಟಗಾರ್ತಿಯ ಫೋಟೋ, ಹಿಂದೆ ಒಂದು ನಂಬರು ಮತ್ತು ಆಕೆಯ ರನ್ನು, ವಿಕೆಟ್ಟಿನ ವಿವರ. ಇಂಥ ಐದೈದು ಕಾರ್ಡು ಹಾಕಿ ಅಂಟಿಸಿದ ಪಾಕೀಟು ಅಂಗಡಿಗೆ ಬರುತ್ತದೆ. ಒಳಗೆ ಯಾರಿದ್ದಾರೆ ಎಂಬುದು ಹರಿದ ಮೇಲೇ ತಿಳಿಯುವುದು. ನಾವು ಬೆನ್ನು ಹತ್ತಿದ್ದು ಮಹಿಳಾ ಕ್ರಿಕೆಟ್ಟಿನ ಕಾರ್ಡುಗಳಿಗೆ. ಎಂಟು ದೇಶಗಳ ತಂಡಗಳು ಅದರಲ್ಲಿವೆ. ನಿಪ್ಪಾಣಿಯ ಒಂದು ಸ್ಟೇಶನರಿ ಅಂಗಡಿಯಲ್ಲಿ ಸಿಗುತ್ತಿದ್ದವು. ಇವರಿಗೆ ಒಂದನೇ ನಂಬರಿನಿಂದ ಕೊನೆಯ ನಂಬರಿನವರೆಗೆ ಪೂರ್ತಿ ಸೆಟ್ ಬೇಕು. ಯಾವ ದೇಶವಾದರೂ ಸರಿ, ಯಾರ ಮುಖವಾದರೂ ಸರಿ, ಆಲ್ಬಮ್ಮಿನ ಒಂದು ಕಿಸೆಯೂ ಖಾಲಿ ಇರಬಾರದು. ನನಗೆ ನಮ್ಮ ದೇಶದ ಹುಡುಗಿಯರು ಸಾಕು. ಉಳಿದವರು ಅವರವರ ಮನೆಯಲ್ಲಿ ಸುಖವಾಗಿರಲಿ.

ಒಂದೇ ಮನೆ, ಒಂದೇ ಪಾಕೀಟು, ಎರಡು ಆಸೆ. ಅದಕ್ಕೊಂದು ಕಾಯ್ದೆ ಮಾಡಿಕೊಂಡಿದ್ದೆವು. ಯಾವ ಕಾರ್ಡಾದರೂ ಮೊದಲು ಸಿಕ್ಕದ್ದು ಇವರ ಸೆಟ್ಟಿಗೆ, ಅದೇ ಕಾರ್ಡು ಎರಡನೇ ಸಲ ಸಿಕ್ಕರೆ ನನಗೆ. ಹೀಗಾಗಿ ನಮ್ಮ ತಂಡದ ಪ್ರತಿಯೊಬ್ಬ ಹುಡುಗಿಗಾಗಿಯೂ ನಾನು ಎರಡನೇ ಪಾಳಿ ಕಾದಿದ್ದೇನೆ. ಅಡಿಗೆ ಮಾಡಿದವಳು ಕಡೆಗೆ ಉಣ್ಣುವ ಪದ್ಧತಿ ಕಾರ್ಡಿಗೂ ಬಂತು ಎಂದು ನಾನು ಆಗಾಗ ಚುಚ್ಚುತ್ತಿದ್ದೆ. ಇವರು ಕೇಳಿಸದವರಂತೆ ಆಲ್ಬಮ್ಮಿನ ಪುಟ ತಿರುಗಿಸುತ್ತಿದ್ದರು.

ಎಲ್ಲ ಸೇರಿ ಕಡೆಗೆ ಉಳಿದದ್ದು ಒಬ್ಬಳೇ ಒಬ್ಬಳು. ನಮ್ಮ ತಂಡದ ವಿಕೆಟ್ ಕೀಪರ್. ಇವರ ಸೆಟ್ಟಿಗೂ ಆಕೆಯೇ ಕಡಿಮೆ, ನನ್ನ ತಂಡಕ್ಕೂ ಆಕೆಯೇ ಕಡಿಮೆ. ನಿಪ್ಪಾಣಿ ಆಯಿತು, ಚಿಕ್ಕೋಡಿ ಆಯಿತು, ಮಿರಜಿಗೂ ಹೋಗಿ ಬಂದೆವು. ಎಷ್ಟು ಹರಿದರೂ ಆಕೆ ಬರಲಿಲ್ಲ. ಡಬಲ್ ಬಂದ ಕಾರ್ಡುಗಳನ್ನು ನಮ್ಮೊಂದಿಗೆ ಅದಲು ಬದಲು ಮಾಡುವ ಅಕ್ಕೋಳದ ಮಾಸ್ತರರೊಬ್ಬರಿದ್ದಾರೆ. ಅವರು ಮೊಬೈಲಿನಲ್ಲಿ ಹುಡುಕಿ ಹುಡುಕಿ ಒಂದು ದಿನ ಫೋನ್ ಮಾಡಿದರು. "ಅಕ್ಕಾರ, ಸುಮ್ಮ ಪಾಕೀಟ ಹರೀಬ್ಯಾಡ್ರಿ. ಆ ಕಾರ್ಡ್ ಕಂಪನಿಯಾವ್ರು ಆಕಿನ್ನ ಆಸ್ಟ್ರೇಲಿಯಾದ ಪಾಕೀಟಿನ್ಯಾಗ ಅಷ್ಟ ಹಾಕ್ಯಾರ. ಅಲ್ಲಿ ವ್ಯಾಪಾರ ಬೆಳೀಲಿ ಅಂತ ಹಂಗ ಮಾಡ್ಯಾರಂತ."

ನಮ್ಮ ಹುಡುಗಿ, ನಮ್ಮ ತಂಡದವಳು, ನಮ್ಮ ಅಂಗಡಿಯಲ್ಲಿಲ್ಲ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದಾದ ಕೆಲವೇ ದಿನಕ್ಕೆ ಒಣದ್ರಾಕ್ಷಿಯ ಪ್ರವಾಸದ ಸುದ್ದಿ ಬಂತು. ನಾನು ಕೈ ಎತ್ತಿದ್ದು ಯಾಕೆಂದು ಈಗ ತಿಳಿದಿರಬೇಕು.

ವಿಮಾನದಲ್ಲಿ

ಜಗಳ ಶುರುವಾದದ್ದು ಮೋಡದ ಮೇಲೆ. ಕೆಳಗೆ ಸಮುದ್ರ, ಒಳಗೆ ಎಲ್ಲರೂ ಕಂಬಳಿ ಹೊದ್ದು ಕೂತಿದ್ದಾರೆ. ಇವರು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿಲ್ಲ ಎಂದು ನನಗೆ ಗೊತ್ತು.

"ಏನ್ರಿ, ಒಂದ ಸಿಕ್ಕರ ಯಾರಿಗಿ?" ಎಂದೆ.

"ಯಾರಿಗಿ ಅಂದ್ರ? ಸೆಟ್ಟಿಗಿ. ಕಾಯ್ದೆ ಐತೆಲ್ಲ."

"ಆ ಕಾಯ್ದೆ ಮಾಡಿದಾವ್ರು ಯಾರು?"

"ಇಬ್ರೂ ಕೂಡೇ ಮಾಡೇವಿ. ನೀ ಹೂಂ ಅಂದಿದ್ದಿ."

"ನಾ ಅವತ್ತ ರೊಟ್ಟಿ ಬಡ್ಯಾಕತ್ತಿದ್ನಿ. ಕೈಯಾಗ ಹಿಟ್ಟು ಇದ್ದಾಗ ಮಂದಿ ಎಲ್ಲಾದಕ್ಕೂ ಹೂಂ ಅಂತಾರ."

"ನನ್ನ ಸೆಟ್ಟಿನ್ಯಾಗ ಒಂದ ಕಿಸೆ ಖಾಲಿ. ಎಷ್ಟ ದಿನದಿಂದ ಕಾಯಾಕತ್ತೇನಿ ನೋಡು."

"ನಾ ಎಲ್ಲಾರಿಗೂ ಕಾಯ್ದೇನಿ. ನೀವು ಒಬ್ಬಾಕಿಗೆ ಕಾಯಾಕತ್ತೀರಿ."

ಮುಂದಿನ ಸೀಟಿನಿಂದ ದಿಗ್ಗೇವಾಡಿಯ ಅಪ್ಪಾಸಾಹೇಬ ತಲೆ ಎತ್ತಿದ. ಕಬ್ಬು, ದ್ರಾಕ್ಷಿ ಎರಡೂ ಇರುವ ಮನುಷ್ಯ, ನಮ್ಮವರ ಗೆಳೆಯ, ಎಲ್ಲದರಲ್ಲೂ ಬಾಯಿ ಹಾಕುವುದು ಅವನ ಹುಟ್ಟುಗುಣ. "ವೈನಿ, ಕಾಗದದ ತುಕಡಿಗೆ ಯಾಕ ಭಾಂಡಣ? ನಡುವ ಹರದ ಅರ್ಧಾ ಅರ್ಧಾ ತಗೋರಿ, ಝಾಲ, ಮುಗೀತು!" ಎಂದ. ನಾವಿಬ್ಬರೂ ಒಟ್ಟಿಗೆ ಅವನ ಕಡೆ ನೋಡಿದ ರೀತಿಗೆ ಪಾಪ, ಕಂಬಳಿ ಮುಖದ ಮೇಲೆ ಎಳೆದುಕೊಂಡ. ಮೆಲ್ಬರ್ನ್ ಬರುವತನಕ ಅದನ್ನು ತೆಗೆಯಲಿಲ್ಲ.

ಆ ಹುಡುಗಿಯ ಕಾರ್ಡಿನ ಮೇಲೆ ನನಗೆ ಅಷ್ಟು ಜೀವ ಯಾಕೆ ಎಂದರೆ, ನನ್ನ ತವರು ರಾಯಬಾಗದ ಹತ್ತಿರ. ಕಬ್ಬು ಕಡಿದ ಹೊಲದಲ್ಲಿ ಅಣ್ಣಂದಿರು ಕ್ರಿಕೆಟ್ ಆಡುತ್ತಿದ್ದರು. ನನಗೆ ಬ್ಯಾಟು ಕೊಡುತ್ತಿರಲಿಲ್ಲ, ಬಾಲೂ ಕೊಡುತ್ತಿರಲಿಲ್ಲ. ಹಿಂದೆ ಯಾರಾದರೂ ನಿಲ್ಲಬೇಕಲ್ಲ, ಚೆಂಡು ಹಳ್ಳಕ್ಕೆ ಹೋಗಬಾರದಲ್ಲ, ಅದಕ್ಕೆ ನನ್ನನ್ನು ಸ್ಟಂಪಿನ ಹಿಂದೆ ನಿಲ್ಲಿಸುತ್ತಿದ್ದರು. ಲಂಗ ಎತ್ತಿ ಸೊಂಟಕ್ಕೆ ಸಿಗಿಸಿ ನಿಲ್ಲುತ್ತಿದ್ದೆ. ಅದು ಕೆಲಸಕ್ಕೆ ಬಾರದವರ ಜಾಗ ಎಂದು ಅವರು ತಿಳಿದಿದ್ದರು. ನನಗೋ, ಆಟವೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿದೆ ಎಂಬ ಖುಷಿ. ಈಗ ಟೀವಿಯಲ್ಲಿ ಕೈಗವಸು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತ ನಮ್ಮ ಹುಡುಗಿಯನ್ನು ನೋಡಿದಾಗಲೆಲ್ಲ ನನ್ನ ಮೊಣಕಾಲೂ ತಾನಾಗಿ ಮಡಚುತ್ತದೆ. ಇದನ್ನು ಇವರಿಗೂ ಹೇಳಿದ್ದೆ. ಕೇಳಿ ನಕ್ಕಿದ್ದರು, ಕಾಯ್ದೆ ಮಾತ್ರ ಬದಲಾಗಲಿಲ್ಲ.

ಮೆಲ್ಬರ್ನ್: ಚೀಲ ಬಿಚ್ಚಿದರು

ಆ ದೇಶಕ್ಕೆ ತಿನ್ನುವ ಪದಾರ್ಥ ತರುವವರ ಮೇಲೆ ಭಾಳ ಸಂಶಯ. ನನ್ನ ಚೀಲ ಒಂದು ಸಣ್ಣ ಖಾನಾವಳಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೈಗವಸು ಹಾಕಿದ ಅಧಿಕಾರಿಣಿಯೊಬ್ಬಳು ಒಂದೊಂದೇ ಗಂಟು ಬಿಚ್ಚಿಸಿದಳು. ಖಡಕ್ ರೊಟ್ಟಿ ತೆಗೆದು ಬೆರಳಿನಿಂದ ಟಕ್ ಟಕ್ ಬಡಿದು, ಇದು ತಿನ್ನುವುದೋ ಅಥವಾ ತಟ್ಟೆಯೋ ಎಂದು ಕೇಳಿದಳು. ನಾನು ಒಂದು ಚೂರು ಮುರಿದು ತಿಂದು ತೋರಿಸಿದೆ. ಶೇಂಗಾ ಚಟ್ನಿಯ ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದು ನಾಲ್ಕು ಸಲ ಸೀನಿದಳು, ಆದರೂ ಬಿಟ್ಟಳು.

ಬಿಡದೇ ಹೋದದ್ದು ಒಣದ್ರಾಕ್ಷಿ. ಅಲ್ಲಿಯ ಬೆಳೆಗಾರರಿಗೆ ತೋರಿಸೋಣವೆಂದು ನಮ್ಮ ತೋಟದ ಹಸಿರು ಮಾಲನ್ನು ಆರಿಸಿ ಆರಿಸಿ ತಂದಿದ್ದರು ಇವರು. ಕ್ಷಮಿಸಬೇಕು ಎಂದು ಹೇಳಿ ಆಕೆ ಅದನ್ನು ದೊಡ್ಡದೊಂದು ಡಬ್ಬಕ್ಕೆ ಸುರಿದಳು. ಹೂ ಬಿಟ್ಟಾಗಿನಿಂದ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಮಾಲು. ಇವರ ಮುಖ ನೋಡಲಾರದೆ ನಾನು ಬೇರೆ ಕಡೆ ತಿರುಗಿದೆ.

ಆಮೇಲೆ ಆಲ್ಬಮ್ಮು. ಅದರೊಳಗೇನು ಎಂದು ಆಕೆ ಪುಟ ತಿರುಗಿಸುತ್ತ ಹೋದಳು. ತಿರುಗಿಸುತ್ತ ತಿರುಗಿಸುತ್ತ ಆಕೆಯ ಕೈ ನಿಧಾನವಾಯಿತು. ಎಲ್ಲ ಕಿಸೆ ಭರ್ತಿ. ನಮ್ಮ ತಂಡದ ಪುಟಕ್ಕೆ ಬಂದವಳೇ ಖಾಲಿ ಕಿಸೆಯ ಮೇಲೆ ಬೆರಳಿಟ್ಟು ಹುಬ್ಬು ಏರಿಸಿದಳು. ಇವರು ತಮ್ಮ ಇಂಗ್ಲಿಷಿನಲ್ಲಿ, "ಮಿಸ್ಸಿಂಗ್ ಮೇಡಂ. ಇನ್ ಯುವರ್ ಕಂಟ್ರಿ," ಎಂದರು, ಪೊಲೀಸ್ ಕಂಪ್ಲೇಂಟ್ ಕೊಡುವವರ ದನಿಯಲ್ಲಿ. ಆಕೆ ಜೋರಾಗಿ ನಕ್ಕು, ಸಿಗಲಿ ಎಂದು ಹರಸಿ ಚೀಲ ಕಟ್ಟಲಿಕ್ಕೆ ತಾನೂ ಕೈ ಹಚ್ಚಿದಳು. ದ್ರಾಕ್ಷಿ ಕಸಿದವಳ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಮಿಲ್ಡೂರಾ: ಖಾಲಿ ರ‍್ಯಾಕುಗಳು

ಮೆಲ್ಬರ್ನಿನಿಂದ ಮಿಲ್ಡೂರಾಕ್ಕೆ ಬಸ್ಸಿನಲ್ಲಿ ಹೋದರೆ ದಾರಿಯಲ್ಲಿ ಮನುಷ್ಯರೇ ಕಾಣುವುದಿಲ್ಲ. ನಮ್ಮಲ್ಲಿ ರಾಯಬಾಗದಿಂದ ಮುಗಳಖೋಡಕ್ಕೆ ಹೋಗುವುದರೊಳಗೆ ಎಷ್ಟು ಮಂದಿ ಬಸ್ಸಿಗೆ ಕೈ ಮಾಡುತ್ತಾರೆ, ಎಷ್ಟು ಆಡು ಅಡ್ಡ ಬರುತ್ತವೆ. ಅಲ್ಲಿ ನೆಟ್ಟಗಿನ ರಸ್ತೆ, ಆಚೆ ಈಚೆ ಬಯಲು. ಅಪ್ಪಾಸಾಹೇಬ ಕಿಟಕಿಯಿಂದ ನೋಡಿ ನೋಡಿ, "ಮಾಲಕರು ಎಲ್ಲಿ ಹೋಗ್ಯಾರೋ ಮಾರಾಯಾ?" ಎಂದು ಕೇಳುತ್ತಲೇ ಇದ್ದ. ಊರಲ್ಲಿ ಬಿಸಿಲು ಸುಡುವ ತಿಂಗಳು, ಇಲ್ಲಿ ಎಲೆ ಹಳದಿಯಾಗಿ ಉದುರುತ್ತಿತ್ತು. ನಾನು ಇವರ ಸ್ವೆಟರನ್ನೂ ಸೇರಿಸಿ ಎರಡು ಸ್ವೆಟರ್ ಹಾಕಿಕೊಂಡೆ.

ನಮ್ಮನ್ನು ಜೋಡಿ ಜೋಡಿಯಾಗಿ ಬೆಳೆಗಾರರ ಮನೆಗಳಲ್ಲಿ ಇಳಿಸಿದರು. ನಮ್ಮ ಪಾಲಿಗೆ ಬಂದವಳು ಹೆಲೆನ್. ಅರವತ್ತರ ಆಸುಪಾಸಿನ ಹೆಂಗಸು, ತೋಟ ತಾನೇ ನೋಡಿಕೊಳ್ಳುತ್ತಾಳೆ, ಟ್ರ್ಯಾಕ್ಟರು ತಾನೇ ಹೊಡೆಯುತ್ತಾಳೆ. ಗಂಡ ದೂರದೂರಿಗೆ ಲಾರಿ ಒಯ್ಯುವವನಂತೆ, ನಾವಿದ್ದಷ್ಟು ದಿನ ಕಾಣಲಿಲ್ಲ. ಆಕೆಯ ತೋಟದಲ್ಲಿ ತಗಡು ಹೊದಿಸಿದ ಉದ್ದುದ್ದ ರ‍್ಯಾಕುಗಳು ಖಾಲಿ ನಿಂತಿದ್ದವು. ನಾವು ದ್ರಾಕ್ಷಿ ಒಣಗಿಸುವುದು ಇಂಥ ರ‍್ಯಾಕಿನಲ್ಲೇ. ಈಗ ಅಲ್ಲಿಯವರು ಹಣ್ಣನ್ನು ಬಳ್ಳಿಯ ಮೇಲೇ ಒಣಗಿಸಿ ಮಶೀನಿನಿಂದ ಉದುರಿಸಿಕೊಳ್ಳುತ್ತಾರಂತೆ. ನಮ್ಮವರು ಖಾಲಿ ರ‍್ಯಾಕಿನ ತಂತಿಯ ಮೇಲೆ ಕೈ ಆಡಿಸಿ, "ಗಟ್ಟಿ ಅದಾವು. ಊರಾಗಿದ್ರ ಒಂದೂ ಖಾಲಿ ಬಿಡತಿದ್ದಿಲ್ಲ," ಎಂದು ಹಳಹಳಿಸಿದರು.

ಆ ಊರಿನ ಒಂದು ರೂಢಿ ನನಗೆ ಬಹಳ ಹಿಡಿಸಿತು. ರಸ್ತೆಯ ಬದಿಗೆ ಕಿತ್ತಳೆಯ ಚೀಲ ಇಟ್ಟು, ಪಕ್ಕದಲ್ಲೊಂದು ಡಬ್ಬಿ ಇಟ್ಟು ಹೋಗಿಬಿಡುತ್ತಾರೆ. ಬೇಕಾದವರು ರೊಕ್ಕ ಹಾಕಿ ಹಣ್ಣು ಒಯ್ಯಬೇಕು, ಕಾಯುವವರು ಯಾರೂ ಇಲ್ಲ. ನಾನು ಒಂದು ಚೀಲ ತಗೊಂಡೆ, ಆದರೆ ರೂಢಿಯಂತೆ ಚೌಕಾಶಿ ಮಾಡಲಿಕ್ಕೆ ಒಬ್ಬರೂ ಇಲ್ಲವಲ್ಲ ಎಂದು ಒಂದು ನಮೂನೆ ಆಯಿತು. ಮ್ಯಾಲೆ ಒಂದು ಹಣ್ಣು ಹಾಕೆಂದು ಯಾರಿಗೆ ಹೇಳುವುದು?

ನಾಷ್ಟಾಕ್ಕೆ ಬ್ರೆಡ್ಡಿನ ಜೊತೆ ಹೆಲೆನ್ ಒಂದು ಕರ‍್ರಗಿನ ಲೇಪದ ಬಾಟಲಿ ಇಟ್ಟಳು. ಇವರು ಅದನ್ನು ಹುಣಸೆ ತೊಕ್ಕು ಎಂದು ತಿಳಿದು ಖಡಕ್ ರೊಟ್ಟಿಯ ಮೇಲೆ ಬೆರಳು ದಪ್ಪ ಬಳಿದು ಬಾಯಿಗಿಟ್ಟರು. ಉಪ್ಪಿನ ಗಣಿಯೊಳಗೆ ಬಿದ್ದವರ ಹಾಗಾಯಿತು ಮುಖ. ಉಗುಳುವಂತಿಲ್ಲ, ನುಂಗುವಂತಿಲ್ಲ, ಕಣ್ಣಲ್ಲಿ ನೀರು. ಹೆಲೆನ್ ಅಳುವಷ್ಟು ನಕ್ಕಳು. ಆ ನಗೆಯಿಂದಲೇ ನಮ್ಮ ನಡುವಿನ ಸಂಕೋಚ ಹೋಯಿತು.

ಅವತ್ತು ಮಧ್ಯಾಹ್ನ ಆಲ್ಬಮ್ಮು ಮೇಜಿನ ಮೇಲಿತ್ತು. ಹೆಲೆನ್ ನೋಡಿದಳು. ಒಳಗೆ ಹೋಗಿ ಎರಡು ಬೂಟಿನ ಡಬ್ಬಿ ಎತ್ತಿಕೊಂಡು ಬಂದಳು. ಅವುಗಳ ತುಂಬ ಅವರ ದೇಶದ ಫುಟ್‌ಬಾಲಿನ ಕಾರ್ಡುಗಳು. ಎಲ್ಲ ಒಂದೇ ತಂಡದವು. ಸಣ್ಣ ಹುಡುಗಿ ಇದ್ದಾಗಿನಿಂದ ಕೂಡಿಟ್ಟದ್ದು.

"ಉಳಿದ ತಂಡದವರ ಮುಖ ನನಗ್ಯಾಕೆ?" ಎಂದಳು.

ನಾನು ಇವರ ಕಡೆ ತಿರುಗಿ, "ಕೇಳ್ರಿ! ಇಷ್ಟು ದೂರ ಬಂದ ಮ್ಯಾಲ ನನ್ನ ಅಕ್ಕ ಸಿಕ್ಕಳು," ಎಂದೆ.

ಆದರೆ ಡಬ್ಬಿಯ ಕಾರ್ಡುಗಳು ಒಂದು ವರ್ಷಕ್ಕೆ ಬಂದು ನಿಂತುಬಿಟ್ಟಿದ್ದವು. ಆಮೇಲಿನವು ಇಲ್ಲ. ಯಾಕೆಂದು ಕೇಳಿದರೆ ಹೆಲೆನ್ ಹೆಗಲು ಕುಣಿಸಿದಳು. ಮೊದಲು ಒಬ್ಬ ಆಟಗಾರನಿಗೆ ಒಂದು ಕಾರ್ಡು ಇರುತ್ತಿತ್ತಂತೆ. ಈಗ ಅದೇ ಫೋಟೋಕ್ಕೆ ಬೆಳ್ಳಿ ಅಂಚು, ಬಂಗಾರದ ಅಂಚು, ಕೆಂಪು ಹೊಳಪು, ನೀಲಿ ಹೊಳಪು. ತಂಡ ಪೂರ್ತಿಯಾಯಿತು ಎಂದು ಹೇಳುವ ದಿನವೇ ಬರುವುದಿಲ್ಲವಂತೆ. "ನಾನು ಬಿಟ್ಟುಬಿಟ್ಟೆ," ಎಂದಳು. ಆ ಮಾತಿಗೆ ನನಗೆ ನಿಜವಾಗಿ ಬೇಸರವಾಯಿತು. ಇಷ್ಟು ವರ್ಷ ಜೀವ ಹಚ್ಚಿದವಳನ್ನು ಆ ಕಾರ್ಡು ಮಾಡುವವರು ಕಳಕೊಂಡರು, ಕಳಕೊಂಡದ್ದು ಅವರಿಗೆ ಗೊತ್ತೂ ಇಲ್ಲ.

ಬರುವ ಭಾನುವಾರ ಊರಿನ ಕ್ಲಬ್ಬಿನ ಹಾಲ್‌ನಲ್ಲಿ ಕಾರ್ಡಿನ ಸಂತೆ ಇದೆ ಎಂದು ಹೆಲೆನ್ನಳೇ ಹೇಳಿದಳು. ಆವತ್ತು ನಮ್ಮ ಗುಂಪಿಗೆ ದ್ರಾಕ್ಷಿ ಮಶೀನು ನೋಡುವ ಕಾರ್ಯಕ್ರಮವಿತ್ತು. ಇವರು ಗುಂಪಿನವರಿಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ಕರಿ ಲೇಪದ ಕತೆ ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಸಂಶಯ ಪಡಲಿಲ್ಲ.

ಭಾನುವಾರದ ಸಂತೆ

ನಮ್ಮ ಸಂತೆಯಂತಲ್ಲ, ಯಾರೂ ಕೂಗುವುದಿಲ್ಲ. ಮೇಜುಗಳ ಸಾಲು, ಗಾಜಿನ ಪೆಟ್ಟಿಗೆಗಳು, ಒಳಗೆ ಮಿಂಚುವ ಕಾರ್ಡುಗಳು. ಮಂದಿ ಪಿಸುಮಾತಿನಲ್ಲಿ ವ್ಯಾಪಾರ ಮಾಡುತ್ತಿದ್ದರು. ಹೆಲೆನ್ ತನ್ನ ಡಬ್ಬಿಯೊಂದನ್ನು ಕಂಕುಳಲ್ಲಿ ಹಿಡಿದು ಬಂದಿದ್ದಳು.

ಮೊದಲು ಪಾಕೀಟು ತಗೊಂಡೆವು. ಇವರು ಪಾಕೀಟು ಹರಿಯುವುದನ್ನು ನೋಡಬೇಕು. ಕೈ ಒರೆಸಿಕೊಂಡು, ಅಂಚು ಹಿಡಿದು, ಬಾಳೆಹಣ್ಣಿನ ಸಿಪ್ಪೆಯಂತೆ ನಿಧಾನ ಸುಲಿದು, ಒಂದೊಂದೇ ಕಾರ್ಡನ್ನು ಬೆರಳಿನಿಂದ ಸರಿಸುತ್ತಾರೆ. ಬಂದವರೆಲ್ಲ ಮೊದಲೇ ಬಂದು ಹೋದವರು. ಇನ್ನೊಂದು, ಮತ್ತೊಂದು. ಆಕೆ ಇಲ್ಲ.

ಮೇಜಿನಿಂದ ಮೇಜಿಗೆ ಕೇಳುತ್ತ ಹೋದೆವು. ಕೇಳಿದವರೆಲ್ಲ ಒಂದೇ ನಮೂನೆ ನಗುತ್ತಿದ್ದರು. ಆ ಕಾರ್ಡು ಇಲ್ಲಿ ದುರ್ಲಭವೇನಲ್ಲವಂತೆ. ಮಾಮೂಲಿ ಕಾರ್ಡಂತೆ. ಮಾಮೂಲಿ ಎಂದೇ ಯಾರೂ ತಂದಿರಲಿಲ್ಲ. ಬಂಗಾರದ ಅಂಚಿನದು ಬೇಕಾದರೆ ಇದೆ, ಸಹಿ ಮಾಡಿದ್ದು ಬೇಕಾದರೆ ಇದೆ, ಬರೀ ಕಾರ್ಡು ಮನೆಯ ಯಾವುದೋ ಮೂಲೆಯಲ್ಲಿ ಬಿದ್ದಿರಬೇಕು ಎಂದರು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನಮ್ಮೂರಲ್ಲಿ ಇಲ್ಲದ್ದಕ್ಕೆ ಸಿಗಲಿಲ್ಲ, ಇಲ್ಲಿ ಬೇಕಾದಷ್ಟು ಇದ್ದದ್ದಕ್ಕೆ ಸಿಗಲಿಲ್ಲ.

ಸಾಲಿನ ಕಡೆಯ ಮೇಜಿನಲ್ಲಿ ಕಾರ್ಡು ಮಾಡುವ ಕಂಪನಿಯ ಮನುಷ್ಯನೇ ಕೂತಿದ್ದ. ಡೇವ್ ಎಂದು ಹೆಸರು. ಕೆಂಪು ಗಡ್ಡ, ಮಗುವಿನ ಮುಖ. ಕೂಡಿಡುವವರ ಅಭಿಪ್ರಾಯ ಕೇಳಲಿಕ್ಕೆ ಬಂದಿದ್ದೇನೆ, ನಿಮಗೇನು ಬೇಕು ಹೇಳಿ ಎಂದ. ಕೇಳಬಾರದವಳನ್ನು ಕೇಳಿದ. ನಾನು ಚಿಕ್ಕೋಡಿ ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಮಾತಾಡಿದೆ. ಹೇಗೆ ಮಾತಾಡಿದೆನೋ ದೇವರಿಗೇ ಗೊತ್ತು, ಇಲ್ಲಿ ಮಾತ್ರ ನನ್ನ ಭಾಷೆಯಲ್ಲೇ ಬರೆಯುತ್ತೇನೆ.

"ನಮ್ಮ ಹುಡುಗೀನ ನಮ್ಮ ದೇಶದಾಗ ಯಾಕ ಮಾರಲಿಲ್ರಿ?" ಎಂದೆ.

ಆತ ತಬ್ಬಿಬ್ಬಾದ. ಕೆಲವು ಕಾರ್ಡುಗಳನ್ನು ಕೆಲವು ದೇಶಗಳಿಗೆ ಮೀಸಲಿಡುತ್ತೇವೆ, ಹಾಗೆ ಮಾಡಿದರೆ ಕುತೂಹಲ ಹೆಚ್ಚುತ್ತದೆ ಎಂದ.

"ಕುತೂಹಲ ಅಲ್ರಿ ಅದು, ಸಿಟ್ಟು. ನಮ್ಮೂರಾಗ ಬಳಿಗಾರ ಬರ್ತಾನ. ಡಜನ್ ಬಳಿ ಇಡಸ್ಕೋತೀವಿ. ಇಡಬೇಕಾದ್ರ ಅವನ ಕೈಯಾಗ ಒಂದು ಒಡೀತಂದ್ರ, ತನ್ನ ಮಲಾರದಾಗಿಂದ ಅದ ಬಣ್ಣದ್ದು ತಗದು ಇಡ್ತಾನ. ಜೋಡಿ ಪೂರಾ ಆಗೂತನಕ ಅಂವ ಕಟ್ಟಿ ಇಳ್ಯಾಂಗಿಲ್ಲ. ನೀವು ಹತ್ತು ಬಳಿ ಇಟ್ಟು, ಉಳದದ್ದು ಬೇರೆ ಊರಾಗ ಐತಿ, ಹುಡುಕ್ಕೋರಿ ಅಂತೀರಿ."

ಇವರೂ ನಡುವೆ ಬಂದರು. ತಮ್ಮ ಸೆಟ್ಟಿನ ಮಾತು ಬಂದರೆ ಇವರಿಗೆ ತಡೆಯಾಗುವುದಿಲ್ಲ. "ಹಂಗಾಮ ಮುಗದ ಮ್ಯಾಲ, ಕಡಿಮಿ ಬಿದ್ದ ನಂಬರ್ ಬರದು ಕಳಸಿದ್ರ ಅದೊಂದು ಕಾರ್ಡ್ ಕೊಡ್ರಿ. ಮುಫತ್ ಅಲ್ಲ, ರೊಕ್ಕ ತಗೋರಿ. ಕೊಡಾವ್ರು ನಾವು ತಯಾರ ಅದೇವಿ, ತಗೊಳಾವ್ರು ನೀವ ಇಲ್ಲ."

"ಮತ್ತ ತಂಡದ ಪಾಕೀಟು ಬ್ಯಾರೆ ಮಾಡ್ರಿ," ಎಂದೆ ನಾನು. "ಸಂತ್ಯಾಗ ಮೆಣಸಿನಕಾಯಿ ಕೇಳಿದ್ರ ಮುಚ್ಚಿದ ಚೀಲ ಕೊಟ್ಟು, ಬದ್ನಿಕಾಯಿ ಬಂದ್ರ ನಿಮ್ಮ ನಸೀಬು ಅಂತ ಯಾರೂ ಅನ್ನಾಂಗಿಲ್ಲ. ನನಗ ನಮ್ಮ ಹುಡುಗ್ಯಾರು ಬೇಕು. ಅವರನ್ನೆಲ್ಲಾ ಒಂದ ಪಾಕೀಟಿನ್ಯಾಗ ಹಾಕಿ ಕೊಟ್ರ ನಾ ಒಂದಲ್ಲ, ನಾಕು ತಗೋತಿದ್ನಿ. ನಮ್ಮಕ್ಕಗ, ನಾದಿನಿಗ ಕೊಡತಿದ್ನಿ."

ಡೇವ್ ಗಡ್ಡ ಕೆರೆದುಕೊಂಡ. ನೀವು ಹೇಳುವುದು ಸರಿ, ಆದರೆ ಜನ ಪಾಕೀಟು ಕೊಳ್ಳುವುದೇ ಒಳಗೇನಿದೆಯೋ ಎಂಬ ಆಸೆಯಿಂದ, ಎಲ್ಲ ಸಿಕ್ಕುಬಿಟ್ಟರೆ ಕೊಳ್ಳುವುದು ನಿಲ್ಲಿಸುತ್ತಾರೆ ಎಂದು ಮೇಲಿನವರ ಹೆದರಿಕೆ ಎಂದ.

ಅದಕ್ಕೆ ಇವರು ಹೇಳಿದ ಮಾತು ನನಗೆ ಬಹಳ ಸೇರಿತು. "ನಮ್ಮ ಕಡೆನೂ ಹಿಂದ ಕೆಲವೊಬ್ರು ಒಣದ್ರಾಕ್ಷಿ ಬಾಕ್ಸಿನ್ಯಾಗ ಮ್ಯಾಲ ಚಲೋ ಮಾಲು, ಕೆಳಗ ಕರೀದು ಹಾಕತಿದ್ರು. ಒಂದ ಹಂಗಾಮ ನಡೀತು. ಈಗ ವ್ಯಾಪಾರಿ ಬಂದ ಕೂಡಲೇ ಮೊಣಕೈತನಕ ಕೈ ಹಾಕಿ ತಳದಾಗಿಂದ ತಗದು ನೋಡ್ತಾನ. ಸೆಟ್ ಪೂರಾ ಆದಾವ ಮುಂದಿನ ವರ್ಷ ಮತ್ತ ಬರ್ತಾನ್ರಿ. ಸೋತಾವ ಬರಾಂಗಿಲ್ಲ. ನಾವು ಉಳಕೊಂಡಿರೋ ಮನಿಯಾಕಿನ್ನ ಕೇಳ್ರಿ, ಆಕಿ ಬಿಟ್ಟಬಿಟ್ಟಾಳ."

ಹೆಲೆನ್ನಳನ್ನು ತೋರಿಸೋಣವೆಂದು ತಿರುಗಿದರೆ ಆಕೆ ಅಲ್ಲಿಲ್ಲ. ಡಬ್ಬಿ ಹಿಡಿದುಕೊಂಡು ಮೇಜುಗಳ ನಡುವೆ ಎಲ್ಲೋ ಹೋಗಿದ್ದಳು.

ಡೇವ್ ತಾನೂ ಚಿಕ್ಕವನಿದ್ದಾಗ ಒಂದು ಸೆಟ್ಟನ್ನೂ ಪೂರ್ತಿ ಮಾಡಲಾಗಲಿಲ್ಲ ಎಂದ. ಆ ಬಳೆಗಾರನ ಮಾತನ್ನು ಮೀಟಿಂಗಿನಲ್ಲಿ ಹೇಳುತ್ತೇನೆ, ಅವರು ಕೇಳುತ್ತಾರೋ ಇಲ್ಲವೋ ಹೇಳಲಾರೆ ಎಂದ. ಕೀಪರ್ ಕಾರ್ಡು ಅವನ ಹತ್ತಿರವೂ ಇರಲಿಲ್ಲ. ಅವನ ಮುಂದೆ ಇದ್ದದ್ದೆಲ್ಲ ಮುಂದಿನ ವರ್ಷದ ನಮೂನೆಗಳು. ಮನುಷ್ಯ ಒಳ್ಳೆಯವನು, ಅದಕ್ಕೇ ಅವನ ಮೇಲೆ ಪೂರ್ತಿ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಇವರು ಆಲ್ಬಮ್ಮನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು ಕೂತಿದ್ದರು. ಮರುದಿನ ಮಿಲ್ಡೂರಾ ಬಿಡುವುದಿತ್ತು. ಇವರ ಸೆಟ್ಟೂ ಇಲ್ಲ, ನನ್ನ ತಂಡವೂ ಇಲ್ಲ. ಜಗಳಾಡಲಿಕ್ಕೆ ಕಾರಣವೇ ಉಳಿಯಲಿಲ್ಲ ಎಂಬುದು ಜಗಳಕ್ಕಿಂತ ಕೆಟ್ಟದ್ದಾಗಿತ್ತು.

ಹೊರಡುವ ಮುಂಜಾನೆ

ಎರಡು ದಿನದಿಂದ ನನಗೆ ಅನಿಸುತ್ತಿತ್ತು, ಈ ಮನೆಯಲ್ಲಿ ಇಷ್ಟು ದಿನ ಉಂಡು, ನಕ್ಕು, ಹಾಗೇ ಹೋಗುವುದು ಹೇಗೆ? ಹೆಲೆನ್ನಳ ಉಡಿ ತುಂಬಬೇಕು. ರವಿಕೆಯ ಖಣವೊಂದು ಚೀಲದಲ್ಲಿತ್ತು. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣನ್ನು ಹಿಂದಿನ ದಿನ ಅಲ್ಲಿಯ ಅಂಗಡಿಯಲ್ಲೇ ತಗೊಂಡಿದ್ದೆ. ಅಡಿಕೆ ಸಿಗಲಿಲ್ಲ, ಅದಕ್ಕೆ ಖಜೂರ.

ಆಕೆ ಪ್ಯಾಂಟು ಹಾಕುವ ಹೆಂಗಸು, ಸೆರಗು ಎಲ್ಲಿಂದ ಬರಬೇಕು? ಅಡಿಗೆಮನೆಯ ಏಪ್ರನ್ ಕಟ್ಟಿಸಿ ಅದನ್ನೇ ಎರಡೂ ಕೈಯಿಂದ ಹಿಡಿಯಲು ಹೇಳಿದೆ. ಕುಂಕುಮ ಹಚ್ಚಿ, ಒಂದೊಂದಾಗಿ ಹಾಕಿದೆ. ಆಕೆ ಇದೇನೆಂದು ಕೇಳಿದಳು. ಹೆಣ್ಣುಮಗಳು ಮನೆಯಿಂದ ಹೋಗುವಾಗ ಬರಿಗೈಲಿ ಹೋಗಬಾರದು, ತುಂಬಿದ ಉಡಿಯಲ್ಲೇ ಹೋಗಬೇಕು, ನಾನೇ ಹೋಗುವವಳಾದರೂ ನಿಮಗೆ ಗೊತ್ತಿಲ್ಲದ್ದರಿಂದ ನಾನೇ ತುಂಬುತ್ತಿದ್ದೇನೆ ಎಂದೆ.

ನಮ್ಮ ಪದ್ಧತಿಯ ವಿಷಯ ಪರದೇಶದಲ್ಲಿ ಹೇಳುವ ಅವಕಾಶ ಸಿಕ್ಕರೆ ನಮ್ಮವರು ಬಿಟ್ಟಾರೆಯೇ? ಬಾಗಿಲಲ್ಲಿ ಚೀಲ ಇಟ್ಟು ಬಂದವರು, ನನ್ನ ಇಂಗ್ಲಿಷು ಸಾಲದು ಎಂಬಂತೆ ಮುಂದೆ ನಿಂತು ತಾವೇ ಬಿಡಿಸಿ ಹೇಳಿದರು. ಉಡಿಯಲ್ಲಿ ಹಾಕಿದ್ದನ್ನು ಒಲ್ಲೆ ಅನ್ನುವಂತಿಲ್ಲ. ತಿರುಗಿ ಕೊಡುವಂತಿಲ್ಲ. ಅದು ಆ ಹೆಣ್ಣುಮಗಳದೇ, ಬೇರೆ ಯಾರದೂ ಹಕ್ಕಿಲ್ಲ. ಎದೆ ಮುಂದೆ ಮಾಡಿ ಕಡೆಗೆ, "ಈವನ್ ಹಸ್ಬೆಂಡ್ ಕೆನಾಟ್ ಟೇಕ್," ಎಂದರು.

ಹೆಲೆನ್ ಅವರನ್ನು ನೋಡಿದಳು. ನನ್ನನ್ನು ನೋಡಿದಳು. ಆಕೆಯ ಮುಖದ ಮೇಲೆ ಒಂದು ತುಂಟ ನಗೆ ಬಂತು. ಉಡಿಯನ್ನು ಹುಷಾರಾಗಿ ಮೇಜಿನ ಮೇಲಿಳಿಸಿ ಒಳಗೆ ಹೋದಳು. ಬರುವಾಗ ಒಂದು ಕಿತ್ತಳೆ, ಒಂದು ಹಿಡಿ ತನ್ನ ತೋಟದ ಒಣದ್ರಾಕ್ಷಿ ಇತ್ತು ಕೈಯಲ್ಲಿ. ಇನ್ನೊಂದು ಕೈ ಬೆನ್ನ ಹಿಂದೆ.

"ಬಟ್ಟೆ ಹಿಡಿ," ಎಂದಳು.

ನಾನು ಸೆರಗು ಹಿಡಿದೆ. ಕಿತ್ತಳೆ ಬಿತ್ತು, ದ್ರಾಕ್ಷಿ ಬಿತ್ತು. ಆಮೇಲೆ ಬೆನ್ನ ಹಿಂದಿನ ಕೈ ಮುಂದೆ ಬಂತು. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ, ಕೈಗವಸು ಹಾಕಿಕೊಂಡು, ಕುಕ್ಕರಗಾಲಿನಲ್ಲಿ ಕೂತು, ಬರುವ ಚೆಂಡನ್ನೇ ನೋಡುತ್ತಿದ್ದ ನಮ್ಮ ಹುಡುಗಿ.

ಭಾನುವಾರ ನಾವು ಡೇವ್‌ನ ಹತ್ತಿರ ಜಗಳಾಡುತ್ತಿದ್ದಾಗ, ಹೆಲೆನ್ ಮೇಜಿಂದ ಮೇಜಿಗೆ ಹೋಗಿ, ಮನೆ ಹತ್ತಿರವಿದ್ದ ಒಬ್ಬ ವ್ಯಾಪಾರಿಯನ್ನು ಹುಡುಕಿ, ಅವನು ಮನೆಗೆ ಹೋಗಿ ಆ ಮಾಮೂಲಿ ಕಾರ್ಡನ್ನು ತರುವತನಕ ಕಾದಿದ್ದಳು. ಬದಲಿಗೆ ತನ್ನ ಡಬ್ಬಿಯ ಒಬ್ಬ ಹಳೆಯ ಕ್ಯಾಪ್ಟನ್ನನ ಕಾರ್ಡು ಕೊಟ್ಟಿದ್ದಳು. ತನ್ನ ಹತ್ತಿರ ಎರಡಿದ್ದವು ಎಂದಳು. ಎರಡಿದ್ದವೋ ಇಲ್ಲವೋ ನಾನು ಕೇಳಲಿಲ್ಲ. ಯಾರಿಗೆ ಕೊಡುವುದು ಎಂದು ತಿಳಿಯದೆ ರಾತ್ರಿಯೆಲ್ಲ ಇಟ್ಟುಕೊಂಡಿದ್ದೆ, ಈಗ ನಿನ್ನ ಗಂಡನೇ ತಿಳಿಸಿಕೊಟ್ಟ ಎಂದು ಹೇಳಿ ಗಹಗಹಿಸಿ ನಕ್ಕಳು.

ನಾನು ಅತ್ತೆ. ನಾಚಿಕೆ ಏನೂ ಆಗಲಿಲ್ಲ. ಸೆರಗು ಎರಡೂ ಕೈಯಲ್ಲಿ ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ, ಹೆಲೆನ್ನಳೇ ತನ್ನ ಏಪ್ರನ್ನಿನಿಂದ ಒರೆಸಿದಳು. ನಮ್ಮವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಬಾಯಿ ಅರ್ಧ ತೆರೆದಿತ್ತು. ಕರಿ ಲೇಪ ತಿಂದಾಗಲೂ ಮುಖ ಅಷ್ಟು ಬದಲಾಗಿರಲಿಲ್ಲ. ಒಂದು ಕೈ ಮುಂದೆ ಬರುವುದಕ್ಕೆ ಹೋಗಿ ಅಲ್ಲೇ ನಿಂತಿತು, ಆಮೇಲೆ ಆ ಕೈಯಿಂದ ಸುಮ್ಮನೆ ತಲೆ ಕೆರೆದುಕೊಂಡರು.

ಬಸ್ಸು ಹತ್ತಿದಾಗ ನಡೆದದ್ದನ್ನು ಕೇಳಿ ಅಪ್ಪಾಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಗೌಡಾ, ನಿನ್ನ ಬಾಯಿಲೇ ನಿನ್ನ ಕೇಸ್ ಸೋತಿ ಬಿಡೋ!" ಎಂದ. ಇವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಬಹಳ ದೂರ ಹೋದ ಮೇಲೆ ಮೆಲ್ಲಗೆ, "ಒಮ್ಮೆ ತೋರಸು," ಎಂದರು. ಕೊಟ್ಟೆ. ಎರಡು ಬೆರಳಿನಿಂದ ಅಂಚು ಹಿಡಿದು, ಮುಂದೆ ನೋಡಿ, ಹಿಂದೆ ತಿರುಗಿಸಿ ನಂಬರು ಓದಿ, ಮತ್ತೆ ಮುಂದೆ ನೋಡಿದರು.

"ಹಿಂಗ ಕುಂದರತಿದ್ದೇನ ನೀನೂ?" ಎಂದು ಕೇಳಿದರು.

"ಹೂಂನ್ರಿ. ಬರೀ ಕೈಯಾಗ. ಇದು ಇದ್ದಿದ್ದಿಲ್ಲ," ಎಂದು ಕೈಗವಸು ತೋರಿಸಿದೆ.

ಕಾರ್ಡನ್ನು ನನ್ನ ಕೈಯಲ್ಲಿ ವಾಪಸಿಟ್ಟರು. ನಾನು ಬೇಡುವ ಮೊದಲೇ ಇಟ್ಟರು.

ಕಾಗವಾಡ

ಊರಿಗೆ ಬಂದ ಮೇಲೆ ಮಂದಿ ಒಣದ್ರಾಕ್ಷಿಯ ಸುದ್ದಿ ಕೇಳಲಿಕ್ಕೆ ಬರುತ್ತಿದ್ದಾರೆ. ಬಳ್ಳಿಯ ಮೇಲೆ ಒಣಗಿಸುವುದು, ಮಶೀನು, ಖಾಲಿ ರ‍್ಯಾಕು, ಎಲ್ಲ ಹೇಳುತ್ತಾರೆ ಇವರು. ಮಶೀನನ್ನು ತಾವು ಕಣ್ಣಾರೆ ನೋಡಿಯೇ ಇಲ್ಲ, ಆದರೂ ಚೆನ್ನಾಗಿ ಹೇಳುತ್ತಾರೆ. ಕಂಪನಿಯಿಂದ ಇನ್ನೂ ಏನೂ ಸುದ್ದಿಯಿಲ್ಲ. ಡೇವ್ ಆ ಮೀಟಿಂಗಿನಲ್ಲಿ ಬಳೆಗಾರನ ಮಾತು ಎತ್ತಿದನೋ ಇಲ್ಲವೋ.

ಕೇಳಿದವರು ಹೊರಡುವ ಹೊತ್ತಿಗೆ ಇವರು ಆಲ್ಬಮ್ಮು ತೆಗೆಯುತ್ತಾರೆ. ಒಂದೊಂದೇ ಪುಟ, ಒಂದೊಂದೇ ದೇಶ. ನಮ್ಮ ತಂಡದ ಪುಟಕ್ಕೆ ಬಂದು ನಿಲ್ಲುತ್ತಾರೆ. ಆ ಕಿಸೆ ಖಾಲಿಯೇ ಇದೆ. ಒಳಗೆ ದನಿ ಹಾಕುತ್ತಾರೆ, "ಬಾ ಇಲ್ಲೆ, ನಿನ್ನ ಕಾರ್ಡ್ ತಗೊಂಡ ಬಾ."

ನಾನು ಯಾವ ಕೆಲಸದಲ್ಲಿದ್ದರೂ ಬಿಟ್ಟು, ಕೈ ತೊಳೆದು, ನನ್ನ ಟ್ರಂಕಿನಿಂದ ತೆಗೆದುಕೊಂಡು ಬರುತ್ತೇನೆ. ಕಿಸೆಯೊಳಗೆ ಹಾಕುವುದಿಲ್ಲ. ಖಾಲಿ ಜಾಗದ ಮೇಲೆ ಕೈಯಲ್ಲೇ ಹಿಡಿದು ನಿಲ್ಲುತ್ತೇನೆ. ಪುಟ ತುಂಬಿದಂತೆ ಕಾಣುತ್ತದೆ. ಬಂದವರು ಬಗ್ಗಿ ನೋಡಿ, "ಪೂರಾ ಆತಲ್ರೀ ಗೌಡ್ರ ನಿಮ್ಮ ಸೆಟ್ಟು!" ಎನ್ನುತ್ತಾರೆ.

"ಇದೊಂದು ನಂದಲ್ಲ," ಎನ್ನುತ್ತಾರೆ ಇವರು, ಪ್ರತಿಸಲವೂ, ಯಾರೇ ಬಂದಿರಲಿ. "ಇದು ಇಕೀದು."

ಹಾಗೆ ಹೇಳಿದ ಮೇಲೆಯೇ ಮುಂದಿನ ಪುಟ.